ಲೋಗೊ ಬಿಡಿ, ವಿಳಾಸದ ಕೊನೆ ನೋಡಿ

ಪ್ರಶ್ನೆ: ಬ್ಯಾಂಕಿನಿಂದ ಮೇಲ್ ಬಂದಿದೆ. 'ನಿಮ್ಮ ಬ್ಯಾಂಕ್ ವಿಲೀನವಾಗಿದೆ, ಇವತ್ತು ರಾತ್ರಿಯೊಳಗೆ ಕೆವೈಸಿ ಮಾಡದಿದ್ದರೆ ಖಾತೆ ಬಂದ್' ಅಂತಿದೆ. ಲೋಗೊ ಸರಿಯಿದೆ, ಕನ್ನಡವೂ ತಪ್ಪಿಲ್ಲ. ನಂಬಬಹುದಾ? (ಸಿಂಧನೂರಿನ ಓದುಗರು)

ನಂಬಬೇಡಿ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಮತ್ತೆ ಬರೆಯುತ್ತೇನೆ, ಯಾಕಂದ್ರೆ ಭತ್ತ ಮಾರಿದ ದುಡ್ಡೆಲ್ಲ ಆ ಒಂದು ಖಾತೆಯಲ್ಲೇ ಇರುತ್ತದೆ.

ನಮ್ಮ ಕಡೆ ವಿಲೀನ ಅಂದರೆ ಜನ ತಟ್ಟನೆ ನಂಬುತ್ತಾರೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಸ್‌ಬಿಐಗೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದೊಳಗೆ ಹೋಯಿತು. 2025ರ ಮೇ 1ಕ್ಕೆ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾದವು, ಮುಖ್ಯ ಕಚೇರಿ ಬಳ್ಳಾರಿಯಲ್ಲೇ ಇದೆ. ಬೋರ್ಡು ಬದಲಾಗಿದ್ದನ್ನು ಎಲ್ಲರೂ ಕಣ್ಣಾರೆ ಕಂಡಿದ್ದಾರೆ. ಕಳ್ಳ ಹಿಡಿದುಕೊಳ್ಳುವುದು ಆ ನೆನಪನ್ನೇ.

ಆದರೆ 'ಇವತ್ತು ರಾತ್ರಿಯೊಳಗೆ' ಅನ್ನುವ ಮಾತಿನಲ್ಲೇ ಅವನು ಸಿಕ್ಕಿಬೀಳುತ್ತಾನೆ. ಸಾಧಾರಣ ಉಳಿತಾಯ ಖಾತೆಗಳಲ್ಲಿ ಹೆಚ್ಚಿನವಕ್ಕೆ ಕೆವೈಸಿ ಹೊಸದು ಮಾಡಬೇಕಾದದ್ದು 10 ವರ್ಷಕ್ಕೊಮ್ಮೆ. ಗಡುವಿಗೆ ಮುಂಚೆ ಕನಿಷ್ಠ 3 ಸಲ ತಿಳಿಸಬೇಕು, ಅದರಲ್ಲಿ ಒಂದು ಕಾಗದದ ಪತ್ರವೇ ಆಗಿರಬೇಕು ಅಂತ ಆರ್‌ಬಿಐ 2025ರಲ್ಲಿ ಬ್ಯಾಂಕುಗಳಿಗೆ ಹೇಳಿದೆ.

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವ ಒಬ್ಬರು ಇಂಥದ್ದೇ ಮೇಲ್ ತಂದು ತೋರಿಸಿದರು. ಮೇಲೆ ದಪ್ಪ ಅಕ್ಷರದಲ್ಲಿ ಬ್ಯಾಂಕಿನ ಹೆಸರು. ಆ ಹೆಸರಿನ ಮೇಲೆ ಬೆರಳಿಟ್ಟೆ. ಕೆಳಗೆ ನಿಜವಾದ ವಿಳಾಸ ಬಿಚ್ಚಿಕೊಂಡಿತು: ಮೊದಲು ಬ್ಯಾಂಕಿನ ಹೆಸರು, ಆಮೇಲೆ ಡಾಟ್, ಆಮೇಲೆ 'ಕೆವೈಸಿ-ಹೆಲ್ಪ್ ಡಾಟ್ ಕಾಮ್'. ಅವರು ಮೊದಲಿನದನ್ನು ಓದಿ ಸಮಾಧಾನ ಮಾಡಿಕೊಂಡಿದ್ದರು. ಓದಬೇಕಾದದ್ದು ಕೊನೆಯದು. ಗಾಂಧಿನಗರ ಬಳ್ಳಾರಿಯಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಯಾವ ಊರಿನದು ಅಂತ ಗೊತ್ತಾಗೋದು ವಿಳಾಸದ ಕೊನೆಯಲ್ಲಿ, ಅಲ್ವಾ? ಇಲ್ಲೂ ಹಾಗೇ. ಆ ಮೇಲ್‌ನ ಊರು 'ಕೆವೈಸಿ-ಹೆಲ್ಪ್'. ಮುಂದಿದ್ದ ಬ್ಯಾಂಕಿನ ಹೆಸರು ಬರೀ ಓಣಿಯ ಹೆಸರು, ಅದನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು.

ಲಿಂಕ್‌ಗೂ ಇದೇ ಪರೀಕ್ಷೆ. ಶುರುವಿನ 'https://' ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯವರೆಗೆ (/) ಓದಿ, ಅದರ ಹಿಂದಿನ ತುಂಡು ನೋಡಿ. ಅಕ್ಷರಗಳನ್ನು ಬಿಡಿಬಿಡಿಯಾಗಿ ಓದಿ. ಇಂಗ್ಲಿಷಿನ ಸಣ್ಣ 'ಆರ್', 'ಎನ್' ಪಕ್ಕಪಕ್ಕ ಕೂತರೆ 'ಎಂ' ಥರ ಕಾಣುತ್ತವೆ. ಬ್ಯಾಂಕುಗಳ ವೆಬ್‌ಸೈಟ್‌ಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬರಬೇಕು ಅಂತ ಆರ್‌ಬಿಐ ಆದೇಶಿಸಿತ್ತು. ಈ ಕೊನೆ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ.

'ಕಾಗುಣಿತ ತಪ್ಪಿದ್ದರೆ ನಕಲಿ' ಅನ್ನುವ ಹಳೇ ಪಾಠವನ್ನು ಇನ್ನೂ ಹಂಚುತ್ತಿದ್ದಾರೆ, ದಯವಿಟ್ಟು ನಿಲ್ಲಿಸಿ. ಈಗ ಕಂಪ್ಯೂಟರೇ ಚೊಕ್ಕ ಕನ್ನಡ ಬರೆದು ಕೊಡುತ್ತದೆ. ವೆಬ್‌ಸೈಟ್ ವಿಳಾಸದ ಪಕ್ಕ ಬೀಗದ ಗುರುತು ಇದೆ, ಆದ್ದರಿಂದ ಅಸಲಿ ಅನ್ನುವವರೂ ತಪ್ಪು. ಮಧ್ಯದಲ್ಲಿ ಬೇರೆಯವರು ಓದಲಾರರು ಅಂತಷ್ಟೇ ಆ ಬೀಗದ ಅರ್ಥ. ಕಳ್ಳನಿಗೂ ಅದು ಪುಕ್ಕಟೆ ಸಿಗುತ್ತದೆ.

ಕಳಿಸಿದವರ ವಿಳಾಸವನ್ನೂ ನಕಲು ಮಾಡಲು ಬರುತ್ತದೆ. ಹಾಗಾಗಿ ಎಲ್ಲ ಸರಿ ಕಂಡರೂ ನಾನು ಮೇಲ್‌ನಲ್ಲಿರುವ ಲಿಂಕ್ ಒತ್ತುವುದಿಲ್ಲ, ಅದರಲ್ಲಿರುವ ನಂಬರಿಗೆ ಫೋನ್ ಹಚ್ಚುವುದೂ ಇಲ್ಲ. ಪಾಸ್‌ಬುಕ್ ತೆಗೆದುಕೊಂಡು ಶಾಖೆಗೆ ಹೋಗುತ್ತೇನೆ. ಅತಿಯಾಯಿತು ಅಂತ ಮನೆಯವರು ಅನ್ನುತ್ತಾರೆ. ಅನ್ನಲಿ.

ಪ್ರಶ್ನೆ: ಲಿಂಕ್ ಒತ್ತಿ ಒಟಿಪಿ ಹಾಕಿಬಿಟ್ಟೆ, ದುಡ್ಡು ಹೋಯಿತು. ಸೋಮವಾರ ಬ್ಯಾಂಕಿಗೆ ಹೋದರೆ ನಡೆಯುತ್ತಾ? (ಮಾನ್ವಿ)

ನಡೆಯೋದಿಲ್ಲ! ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿನ ಸಹಾಯವಾಣಿಗೂ ತಿಳಿಸಿ ದೂರಿನ ನಂಬರ್ ಬರೆದುಕೊಳ್ಳಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ, ಬೇಗ ಹೇಳಿದರೆ ದಾರಿಯಲ್ಲೇ ತಡೆಯುವ ಅವಕಾಶ ಜಾಸ್ತಿ. ಇನ್ನೊಂದು ಮಾತು. ಆರ್‌ಬಿಐ 2017ರಲ್ಲಿ ಹೊರಡಿಸಿದ ನಿಯಮದಂತೆ, ನೀವೇ ಒಟಿಪಿ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗೆ ಹೋದದ್ದು ನಿಮ್ಮ ತಲೆಗೆ, ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ತಲೆಗೆ.

ಪ್ರಶ್ನೆ: ಎಟಿಎಂನಲ್ಲಿ ಪಿನ್ ತಿರುಗಿಸಿ ಒತ್ತಿದರೆ ಪೊಲೀಸರು ಬರ್ತಾರಂತೆ? (ಗಂಗಾವತಿ)

ಬರುವುದಿಲ್ಲ. ಸುಳ್ಳು.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಬ್ಯಾಂಕಿನ ಎಪಿಕೆ ಫೈಲ್ ಬಂದಿದೆ. (ಸಿರುಗುಪ್ಪ)

ಎಪಿಕೆ ಅಂದರೆ ಫೋನಿಗೆ ಆ್ಯಪ್ ಹಾಕುವ ಫೈಲ್. ತೆರೆಯದೆ ಅಳಿಸಿ.

ಪ್ರಶ್ನೆ: ಹೋದ ದುಡ್ಡು ವಾಪಸ್ ಕೊಡಿಸುತ್ತೇನೆ ಅಂತ ಒಬ್ಬರು 5,000 ರೂಪಾಯಿ ಕೇಳುತ್ತಿದ್ದಾರೆ. ಕೊಡಲಾ? (ಕೊಪ್ಪಳ)

ಒಂದು ರೂಪಾಯಿಯೂ ಕೊಡಬೇಡಿ. ಗಾಯದ ಮೇಲೆ ಬರೆ ಹಾಕುವ ಇವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. 1930ಕ್ಕೆ ದೂರು ಕೊಡಲು ಫೀ ಇಲ್ಲ. ಆ ಮನುಷ್ಯನ ಫೋನ್ ನಂಬರನ್ನೂ ಅದೇ ದೂರಿನಲ್ಲಿ ಬರೆಸಿ.