ಹಳೆಯ ಮೂರು ನಳಿಗೆಯ ಕೋವಿಗೆ ಯಾವ ತೋಟಾ?

ಪ್ರಶ್ನೆ: ತಾತನವರಿಂದ ಬಂದ ಜರ್ಮನ್ ಡ್ರಿಲ್ಲಿಂಗ್ (ಮೂರು ನಳಿಗೆಯ) ಕೋವಿಯೊಂದು ನನ್ನಲ್ಲಿದೆ, ಪರವಾನಗಿಯೂ ನನ್ನ ಹೆಸರಿಗಾಗಿದೆ. ಮೇಲೆ 16 ಬೋರಿನ ಜೋಡಿ ಚರೆ ನಳಿಗೆಗಳು, ಕೆಳಗೆ 8×57 ಅಳತೆಯ ರೈಫಲ್ ನಳಿಗೆ. ಈಗ ಸಿಗುವ 70 ಮಿ.ಮೀ. ತೋಟಾ ಚರೆ ನಳಿಗೆಯಲ್ಲಿ ಸಲೀಸಾಗಿ ಕೂರುತ್ತದೆ. ಹಾರಿಸಬಹುದೇ? ಎಷ್ಟು ಒತ್ತಡದವರೆಗೆ ಈ ಕೋವಿ ತಡೆಯುತ್ತದೆ?

ಉತ್ತರ: ಸದ್ಯಕ್ಕೆ ಹಾರಿಸಬೇಡಿ. ತೋಟಾ ಸಲೀಸಾಗಿ ಕೂರುವುದೇ ಇಲ್ಲಿ ಮೋಸ ಮಾಡುವ ಸಂಗತಿ. 70 ಮಿ.ಮೀ. ಎನ್ನುವುದು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಖಾಲಿ ತೋಟೆಯ ಉದ್ದ. ಬಾಯಿ ಮಡಚಿದ ಹೊಸ ತೋಟಾ ಅದಕ್ಕಿಂತ ಗಿಡ್ಡವಾಗಿರುವುದರಿಂದ 65 ಮಿ.ಮೀ. ಕೋಣೆಯೊಳಗೂ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ತಡೆಯಿಲ್ಲದೆ ಇಳಿಯುತ್ತದೆ. ಹಿಂದಿನ 16 ಬೋರಿನ ಜರ್ಮನ್ ಕೋವಿಗಳಲ್ಲಿ 65 ಮಿ.ಮೀ. ಕೋಣೆಯೇ ಸಾಮಾನ್ಯ. ಅಂಥದರಲ್ಲಿ ಉದ್ದದ ತೋಟಾ ಸಿಡಿದಾಗ ಅದರ ಮಡಿಕೆ ಕೋಣೆಯ ಮುಂದಿನ ಇಳಿಜಾರಿನಲ್ಲಿ ಬಿಚ್ಚಿಕೊಂಡು, ಚರೆ ಹಾದುಹೋಗಬೇಕಾದ ದಾರಿಯನ್ನೇ ಕಿರಿದು ಮಾಡುತ್ತದೆ, ಒತ್ತಡ ಏರುತ್ತದೆ. ಹೀಗೆ ಹಾರಿಸಿದ ತೋಟೆಯನ್ನು ಬೆಳಕಿಗೆ ಹಿಡಿದರೆ ಬಾಯಿಯಂಚು ತೆಳ್ಳಗಾಗಿ, ಎಳೆ ಬಿಟ್ಟ ಬಟ್ಟೆಯಂತೆ ಹರಿದಿರುವುದು ಅನೇಕ ಸಲ ಕಾಣುತ್ತದೆ.

ಇನ್ನು ಒತ್ತಡದ ಮಾತು. ಇಡೀ ಕೋವಿಗೆ ಅನ್ವಯಿಸುವ ಒಂದೇ ಅಂಕಿ ಎಂಬುದು ಇಲ್ಲ, ಪ್ರತಿ ನಳಿಗೆಯ ಲೆಕ್ಕವೂ ಬೇರೆ. ಕೋವಿ-ತೋಟಾಗಳ ಪರೀಕ್ಷೆಗೆ ಮಾನದಂಡ ನಿಗದಿ ಮಾಡುವ ಯುರೋಪಿನ ಸಿಐಪಿ ಸಂಸ್ಥೆಯ ನಿಯಮದಂತೆ 16 ಬೋರಿನ ಸಾಧಾರಣ ತೋಟಾದ ಗರಿಷ್ಠ ಸರಾಸರಿ ಒತ್ತಡ 780 ಬಾರ್, 12 ಬೋರಿನದು 740 ಬಾರ್. 12 ಬೋರಿನ ‘ಹೈ ಪರ್ಫಾರ್ಮೆನ್ಸ್’ ತೋಟಾಗಳು 1050 ಬಾರ್‌ವರೆಗೆ ಹೋಗುತ್ತವೆ. ಅವು ಹಳೆಯ ಕೋವಿಗಳಿಗೆ ಹೇಳಿದ್ದಲ್ಲ, ಉಕ್ಕಿನ ಚರೆಯೂ ಅಷ್ಟೇ. ಹಳೆಯ ಪುಸ್ತಕಗಳ ಅಂಕಿಗಳು ತಾಮ್ರದ ಅಥವಾ ಸೀಸದ ತುಂಡು ಎಷ್ಟು ಜಜ್ಜಿಹೋಯಿತೆಂದು ನೋಡಿ ಪಡೆದವು. ಇಂದಿನ ವಿದ್ಯುತ್ ಸಂವೇದಕದ ಅಂಕಿಗಳ ಪಕ್ಕದಲ್ಲಿಟ್ಟು ಅವನ್ನು ಹೋಲಿಸಬಾರದು.

ನನಗೆ ಹೆಚ್ಚು ಚಿಂತೆ ಇರುವುದು ರೈಫಲ್ ನಳಿಗೆಯ ಬಗ್ಗೆ. ‘8×57’ ಎಂದಷ್ಟೇ ಹೇಳಿದರೆ ಅರ್ಧ ಮಾತು ಹೇಳಿದಂತೆ. ಅಂಚುಳ್ಳ ಹಳೆಯ 8×57 ಐಆರ್ ತೋಟಾದ ಗುಂಡು ಸುಮಾರು 0.318 ಅಂಗುಲ, ಐಆರ್‌ಎಸ್ ತೋಟಾದ್ದು 0.323 ಅಂಗುಲ. ಕೂದಲೆಳೆಯಷ್ಟೇ ವ್ಯತ್ಯಾಸವೆನಿಸಿದರೂ, ಕಿರಿದಾದ ನಳಿಗೆಗೆ ದಪ್ಪ ಗುಂಡನ್ನು ನುಗ್ಗಿಸಿದರೆ ಒತ್ತಡ ಅಪಾಯದ ಮಟ್ಟಕ್ಕೇರಬಹುದು. ಹೆಸರಿನ ಹೋಲಿಕೆ ಬೇರೆ ಅಳತೆಗಳಲ್ಲೂ ದಾರಿ ತಪ್ಪಿಸುತ್ತದೆ: 9.3×72 ಆರ್ ತೋಟಾದ ಮಿತಿ 2000 ಬಾರ್ ಆದರೆ 9.3×74 ಆರ್‌ನದು 3400. ಆದ್ದರಿಂದ ಬಲ್ಲ ಕೋವಿ ಕಮ್ಮಾರರ ಕೈಯಲ್ಲಿ ಮೆತ್ತನೆಯ ಸೀಸದ ಗುಂಡೊಂದನ್ನು ನಳಿಗೆಯೊಳಗೆ ತಳ್ಳಿಸಿ ನಳಿಗೆಯ ಒಳಮೈಯ ಸುರುಳಿ ಗೀರುಗಳ ತಳದಿಂದ ತಳಕ್ಕಿರುವ ವ್ಯಾಸವನ್ನು ಅಳೆಸಿರಿ. ಕೋಣೆಯ ಅಚ್ಚನ್ನೂ ತೆಗೆಸಿರಿ.

ಅದಕ್ಕೂ ಮೊದಲು ನಳಿಗೆಗಳನ್ನು ಕಳಚಿ ಅಡಿಭಾಗದ ಚಪ್ಪಟೆ ಮೈಯನ್ನು ನೋಡಿರಿ. ಕಿರೀಟದ ಕೆಳಗೆ ‘ಎನ್’ ಅಕ್ಷರವಿದ್ದರೆ, ಅಥವಾ ಎರಡನೇ ಮಹಾಯುದ್ಧದ ಕಾಲದ ಕೋವಿಯಾಗಿ ಹದ್ದಿನ ಕೆಳಗೆ ‘ಎನ್’ ಇದ್ದರೆ, ಹೊಗೆರಹಿತ ಮದ್ದಿನಿಂದ ಪರೀಕ್ಷೆಯಾಗಿದೆ ಎಂದರ್ಥ. ಇನ್ನೂ ಹಳೆಯವುಗಳಲ್ಲಿ ‘ನೈಟ್ರೋ’ ಎಂಬ ಪದವೇ ಇರುವುದುಂಟು. ಇವೊಂದೂ ಕಾಣದಿದ್ದರೆ ಅದನ್ನು ಕರಿಮದ್ದಿನ ಕೋವಿಯೆಂದೇ ಭಾವಿಸಿರಿ. ‘ಕ್ರುಪ್’ ಎಂದು ಕೆತ್ತಿರುವುದನ್ನು ಕಂಡು ನಿಶ್ಚಿಂತರಾಗುವವರಿದ್ದಾರೆ. ಅದು ಉಕ್ಕಿನ ಹೆಸರು, ಪರೀಕ್ಷೆಯ ಮುದ್ರೆಯಲ್ಲ. ಮುದ್ರೆಯಾದರೂ ಅದನ್ನು ಒತ್ತಿದ ದಿನದ ಸ್ಥಿತಿಯನ್ನಷ್ಟೇ ಹೇಳುತ್ತದೆ. ಆಮೇಲೆ ಯಾರಾದರೂ ಕೋಣೆಯನ್ನು ಉದ್ದ ಮಾಡಿಸಿರಬಹುದು, ನಳಿಗೆಯೊಳಗೆ ತುಕ್ಕು ಕೊರೆದಿರಬಹುದು, ನಳಿಗೆಗಳು ಕೂರುವ ಒಡಲಿನ ಚಪ್ಪಟೆ ಮೈ ಮತ್ತು ನಳಿಗೆಗಳ ಹಿಂಬದಿಯನ್ನು ಮುಚ್ಚುವ ನಿಂತ ಗೋಡೆ ಕೂಡುವ ಮೂಲೆಯಲ್ಲಿ ಸಣ್ಣ ಬಿರುಕು ಬಿಟ್ಟಿರಬಹುದು. ಹಿಡಿಯನ್ನು ಭದ್ರವಾಗಿ ಹಿಡಿದು ನಳಿಗೆಗಳನ್ನು ಅಕ್ಕಪಕ್ಕಕ್ಕೆ ಅಲುಗಿಸಿದಾಗ ಸಡಿಲಿಕೆ ಕೈಗೆ ತಿಳಿದರೆ ಯಾವ ತೋಟಾವನ್ನೂ ತುಂಬಬಾರದು.

ಎಲ್ಲವೂ ಸರಿಯಿದ್ದು ಕೋಣೆ 65 ಮಿ.ಮೀ. ಎಂದು ಖಚಿತವಾದರೆ, ಅದೇ ಉದ್ದದ, ಹಗುರ ಚರೆಯ ತೋಟಾವನ್ನು ಬಳಸಿರಿ. ಈಗಾಗಲೇ ಕೊಂಡ 70 ಮಿ.ಮೀ. ತೋಟಾಗಳನ್ನು ಈ ಕೋವಿಯಿರುವ ಕಪಾಟಿನಲ್ಲಿ ಇಡಬೇಡಿ.