ಅವಾಮೊರಿ: ಸಾಕೆ ಅಲ್ಲ ಸ್ವಾಮಿ, ಇದೇ ಬೇರೆ

ಪ್ರಶ್ನೆ: ಸರ್, ನಮ್ಮ ಭಾವ ಜಪಾನಿಂದ ಒಂದು ಬಾಟ್ಲಿ ತಂದುಕೊಟ್ಟಿದ್ದಾರೆ, ಓಕಿನಾವಾದ ಅವಾಮೊರಿ ಅಂತೆ, ಅಕ್ಕಿದು. ಇದೂ ಜಪಾನಿನವ್ರ ಅಕ್ಕಿ ಹೆಂಡ ಸಾಕೆನೇ ಅಲ್ವಾ? ಲೇಬಲ್ ಮೇಲೆ 30 ಅಂತ ಇದೆ. ಹೇಗೆ ಕುಡಿಯೋದು? ಓಪನ್ ಮಾಡದೆ ಇಟ್ರೆ ಕೆಟ್ಟೋಗುತ್ತಾ?

ಉತ್ತರ: ಅಲ್ಲ. ಎರಡೂ ಅಕ್ಕಿದೇ, ಆದ್ರೆ ಸಾಕೆ ಅಂದ್ರೆ ಫರ್ಮೆಂಟ್ ಮಾಡಿ ಹಿಂಡಿ ಸೋಸಿದ್ದು, 15-16 ಪರ್ಸೆಂಟ್ ಇರುತ್ತೆ ಅಷ್ಟೆ, ಅವಾಮೊರಿ ಭಟ್ಟಿ ಇಳಿಸಿದ್ದು. ನಿಮ್ಮ ಬಾಟ್ಲಿ ಮೇಲಿರೋ 30 ಅನ್ನೋದು ಆಲ್ಕೋಹಾಲ್ ಪರ್ಸೆಂಟು, ನಮ್ಮ ವಿಸ್ಕಿ 42.8 ಇರುತ್ತಲ್ಲ, ಅದಕ್ಕಿಂತ ಕಮ್ಮಿನೇ. ಯೊನಾಗುನಿ ದ್ವೀಪದಲ್ಲಿ ಹನಝಾಕೆ ಅಂತ 60ರದ್ದೂ ಮಾಡ್ತಾರೆ, ಅದು ಸಿಕ್ರೆ ಹುಷಾರು.

ಇದರ ಅಸಲಿ ಮಜಾ ಇರೋದು ಬೂಷ್ಟಲ್ಲಿ. ಮುಖ ಸಿಂಡರಿಸ್ಬೇಡಿ. ಉದ್ದ ಕಾಳಿನ ಅಕ್ಕಿ, ಬಹುತೇಕ ಥಾಯ್ಲೆಂಡಿಂದೇ ಬರೋದು, ಅದನ್ನ ಹಬೆಲಿ ಬೇಯಿಸಿ ಅದರ ಮೇಲೆ ಕಪ್ಪು ಕೋಜಿ ಅನ್ನೋ ಬೂಷ್ಟು ಬೆಳೆಸ್ತಾರೆ, ಆ ಬೂಷ್ಟು ಪಿಷ್ಟನ ಸಕ್ಕರೆ ಮಾಡುತ್ತೆ, ಜೊತೆಗೆ ನಿಂಬೆಹಣ್ಣಲ್ಲಿರೋ ಸಿಟ್ರಿಕ್ ಆಸಿಡ್ಡನ್ನೂ ಬಿಡುತ್ತೆ. ಓಕಿನಾವಾದ ಸೆಖೆ ನಮ್ಮ ಮಂಗಳೂರಿನ ಥರ, ಹಿಟ್ಟು ರುಬ್ಬಿಟ್ರೆ ಬೆಳಗಾಗೋದ್ರೊಳಗೆ ಪಾತ್ರೆಯಿಂದ ಉಕ್ಕಿರುತ್ತೆ ಅಂಥ ಊರು, ಅಲ್ಲಿ ಈ ಆಸಿಡ್ ಇಲ್ದಿದ್ರೆ ಬೇರೆ ಬ್ಯಾಕ್ಟೀರಿಯಾ ನುಗ್ಗಿ ಎಲ್ಲಾ ಹಾಳು. ಸಾಕೆಲಿ ಸ್ವಲ್ಪ ಅಕ್ಕಿಗಷ್ಟೇ ಕೋಜಿ ಹಾಕಿ ಉಳಿದಿದ್ದನ್ನ ಆಮೇಲೆ ಸೇರಿಸ್ತಾರೆ, ಇಲ್ಲಿ ಪೂರ್ತಿ ಅಕ್ಕಿಗೂ ಕೋಜಿನೇ. ಅದಕ್ಕೇ ಆ ಗಾಢ ವಾಸನೆ, ಮೊದಲ ಸಲ ಮೂಸಿದವ್ರಿಗೆ ಸ್ವಲ್ಪ ಮಣ್ಣು ಮಣ್ಣು ಅನ್ಸುತ್ತೆ.

ಕೆಡೋ ಮಾತೇ ಇಲ್ಲ, ಇಟ್ಟಷ್ಟೂ ಒಳ್ಳೇದು. 3 ವರ್ಷ ದಾಟಿದ್ದಕ್ಕೆ ಕೂಸು ಅಂತಾರೆ (ನಮ್ಮ ಕೂಸಲ್ಲ, ಹಳೇ ಹೆಂಡ ಅಂತ ಅರ್ಥ), 2015ರಿಂದ ಬಾಟ್ಲಿಲಿರೋದು ಪೂರ್ತಿ 3 ವರ್ಷ ದಾಟಿದ್ರೆ ಮಾತ್ರ ಹಾಗೆ ಬರೀಬಹುದು. ಅವರು ಮಣ್ಣಿನ ಜಾಡಿಗಳನ್ನ ಸಾಲಾಗಿ ಇಟ್ಟು, ಅತಿ ಹಳೇದ್ರಿಂದ ಕುಡಿದಷ್ಟನ್ನ ಅದರ ಪಕ್ಕದ ಜಾಡಿಯಿಂದ ತುಂಬಿಸ್ತಾರೆ, ಅದಕ್ಕೆ ಇನ್ನೂ ಹೊಸದ್ರಿಂದ, ಹೀಗೇ ಕೊನೇವರೆಗೂ, ಹೆಪ್ಪಿಗೆ ಅಂತ ಮೊಸರು ಉಳಿಸಿಕೊಂಡ ಹಾಗೆ ಹಳೇದು ಪೂರ್ತಿ ಖಾಲಿ ಆಗೋದೇ ಇಲ್ಲ. 100 ವರ್ಷ ದಾಟಿದ ಜಾಡಿಗಳೂ ಓಕಿನಾವಾದ ಹಳೇ ರಾಜಧಾನಿ ಶುರಿಲಿ ಇದ್ವು, 1945ರ ಯುದ್ಧದಲ್ಲಿ ಒಡೆದುಹೋದ್ವು. ಹೊಟ್ಟೆ ಉರಿಯುತ್ತೆ ನೆನೆಸ್ಕೊಂಡ್ರೆ.

ನಿಮ್ಮದು ಮಾಮೂಲಿದಾದ್ರೆ ಐಸು, ನೀರು ಹಾಕ್ಕೊಂಡು ಊಟದ ಜೊತೆ ಕುಡೀರಿ, ಕೂಸು ಆದ್ರೆ ದಯವಿಟ್ಟು ಏನೂ ಬೆರೆಸ್ದೆ ಪುಟ್ಟ ಕಪ್ಪಲ್ಲಿ ಗುಟುಕು ಗುಟುಕಾಗಿ. ಕೋಲಾ ಸುರಿದ್ರಿ ಅಂತ ಭಾವಂಗೆ ಗೊತ್ತಾದ್ರೆ ಇನ್ನೊಂದ್ಸಲ ತರಲ್ಲ. ಬಾಟ್ಲಿ ಮಲಗಿಸ್ಬೇಡಿ, ಬಿಸಿಲು ಬೀಳದ ಕಡೆ ನಿಲ್ಲಿಸಿಡಿ.

ರುಚಿ ಹಿಡಿಸ್ಲೇ ಇಲ್ವಾ? ಒಂದು ಹಿಡಿ ಸೂಜಿಮೆಣಸು ಸಣ್ಣ ಬಾಟ್ಲಿಗೆ ಹಾಕಿ ಮೇಲೆ ಇದನ್ನ ಹುಯ್ದು ಮುಚ್ಚಿಡಿ, ಓಕಿನಾವಾದವ್ರು ಕೋರೆಗೂಸು ಅಂತ ಇದನ್ನೇ ನೂಡಲ್ಸ್ ಸಾರಿಗೆ ಎರಡು ತೊಟ್ಟು ಹಾಕ್ಕೊಳ್ಳೋದು, ಎರಡೇ ತೊಟ್ಟು, ಮೂರನೇದು ಹಾಕಿ ನಾನು ಅತ್ತಿದ್ದೀನಿ.