ಪ್ರಿಂಟಿಂಗೂ ಮಿಲ್ಲಿಂಗೂ ಒಂದೇ ಮೆಷಿನ್‌ನಲ್ಲಿ ಬೇಕಾ?

ಮೆಟಲ್ 3ಡಿ ಪ್ರಿಂಟರ್, ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸೋ ಮಿಲ್ಲಿಂಗ್ ಮೆಷಿನ್) ಎರಡನ್ನೂ ಬೇರೆ ಬೇರೆ ತಗೊಳ್ಳೋದಾ, ಇಲ್ಲ ಎರಡೂ ಸೇರಿರೋ ಹೈಬ್ರಿಡ್ ಮೆಷಿನ್ ಒಂದೇ ಸಾಕಾ ಅಂತ ಕೇಳಿದ್ದೀರಿ. ನಾನು ಮೆಷಿನಿಂಗ್ ಕಡೆಯವನು, ಉತ್ತರ ಸ್ವಲ್ಪ ಆ ಕಡೆಗೇ ವಾಲಿರುತ್ತೆ. ಪೂರ್ತಿ ಪ್ರಿಂಟ್ ಆದಮೇಲೆ ಕತ್ತರಿಸೋ ಟೂಲ್ ತಲುಪದ ಜಾಗ ನಿಮ್ಮ ಜಾಬ್‌ನಲ್ಲಿ (ಮಾಡಬೇಕಾದ ಪೀಸ್‌ನಲ್ಲಿ) ಇದ್ದರೆ, ಅಥವಾ ರಿಪೇರಿ ಕೆಲಸವೇ ಜಾಸ್ತಿ ಇದ್ದರೆ ಹೈಬ್ರಿಡ್ ತಗೊಳ್ಳಿ. ಇಲ್ಲದಿದ್ದರೆ ಬೇರೆ ಬೇರೆ ಇರೋದೇ ವಾಸಿ.

ಮೋಲ್ಡ್‌ನಲ್ಲಿ (ಅಚ್ಚಿನಲ್ಲಿ) ಬರೋ ಕಿರಿದಾದ, ಆಳವಾದ ಸಂದುಗಳನ್ನೇ ತಗೊಳ್ಳಿ. ಗಟ್ಟಿ ಸ್ಟೀಲ್‌ನಲ್ಲಿ ಅವನ್ನು ಕೊರೆಯೋಕೆ ಉದ್ದನೆಯ ಸಣ್ಣ ಎಂಡ್‌ಮಿಲ್ (ತಿರುಗುತ್ತಾ ಕತ್ತರಿಸೋ ಟೂಲ್) ಬೇಕು. ಅದು ನಡುಗುತ್ತೆ, ಮುರಿಯುತ್ತೆ, ಕೊನೆಗೆ ಇಡಿಎಂಗೆ (ವಿದ್ಯುತ್ ಕಿಡಿಯಿಂದ ಲೋಹ ಸವೆಸೋ ವಿಧಾನಕ್ಕೆ) ಹೋಗಬೇಕಾಗುತ್ತೆ. ಮತ್ಸುಉರಾ ಕಂಪನಿಯ ಲುಮೆಕ್ಸ್‌ನಂಥ ಹೈಬ್ರಿಡ್ ಮೆಷಿನ್‌ನಲ್ಲಿ ಲೋಹದ ಪುಡಿಯ ಕೆಲವು ಪದರಗಳನ್ನು ಲೇಸರ್ ಬೆಸೆಯುತ್ತೆ, ಅಷ್ಟರ ಗೋಡೆಯನ್ನು ಗಿಡ್ಡ ಟೂಲ್ ನುಣುಪು ಮಾಡುತ್ತೆ, ಮತ್ತೆ ಪದರ. ಸಂದು ಎಷ್ಟೇ ಆಳವಾಗಲಿ, ಟೂಲ್ ಯಾವಾಗಲೂ ಮೇಲ್ಭಾಗದಲ್ಲೇ ಕತ್ತರಿಸುತ್ತಿರುತ್ತೆ.

ಡಿಎಂಜಿ ಮೋರಿ ಕಂಪನಿಯ ಲೇಸರ್‌ಟೆಕ್ ಹೈಬ್ರಿಡ್, ಮಝಾಕ್ ಕಂಪನಿಯ ಇಂಟೆಗ್ರೆಕ್ಸ್ ಎಎಂ ಬೇರೆ ಜಾತಿ. ಅಲ್ಲಿ ನಾಝಲ್‌ನಿಂದ ಪುಡಿ ಊದಿ ಲೇಸರ್‌ನಲ್ಲಿ ಕರಗಿಸ್ತಾರೆ, ಹಾಗಾಗಿ ರಿಪೇರಿಗೆ ಹೇಳಿ ಮಾಡಿಸಿದ್ದು. ಸವೆದ ಭಾಗ ಕೆತ್ತಿ, ಲೋಹ ತುಂಬಿ, ಬಿಚ್ಚದೆ ಅಲ್ಲೇ ಸೈಜ್‌ಗೆ ತರಬಹುದು. ಪ್ರಿಂಟ್ ಆದ ಒರಟು ಪೀಸನ್ನು ಬೇರೆ ಮೆಷಿನ್‌ಗೆ ಕಟ್ಟಿ ಡೇಟಮ್ (ಅಳತೆ ಶುರುವಾಗೋ ಆಧಾರ) ಹುಡುಕಿದವರಿಗೆ ಇದರ ಬೆಲೆ ಗೊತ್ತು.

ಇನ್ನು ಸೇಲ್ಸ್‌ನವರು ಹೇಳದ ಮಾತು. ಲೋಹ ತುಂಬಿದ ಜಾಬ್ ಬಿಸಿಯಾಗಿರುತ್ತೆ. ಸ್ಟೀಲ್ ಪ್ರತಿ ಡಿಗ್ರಿಗೆ ಮೀಟರಿಗೆ ಸುಮಾರು 12 ಮೈಕ್ರಾನ್ ಹಿಗ್ಗುತ್ತೆ. 100 ಮಿಮೀ ಪೀಸ್ 100 ಡಿಗ್ರಿ ಹೆಚ್ಚು ಬಿಸಿ ಇದ್ದಾಗ ಕತ್ತರಿಸಿದರೆ, ತಣ್ಣಗಾದಮೇಲೆ 0.12 ಮಿಮೀ ಕುಗ್ಗಿರುತ್ತೆ. ಇನ್ನೊಂದು ಭಾಗಕ್ಕೆ ಕರಾರುವಾಕ್ಕಾಗಿ ಕೂರಬೇಕಾದ ಜಾಬ್ ಆದರೆ ಅಲ್ಲಿಗೆ ಕಥೆ ಮುಗೀತು! ತಣಿಯೋವರೆಗೂ ಕಾದರೆ ಮೆಷಿನ್ ಖಾಲಿ. ಕೂಲಂಟ್ (ತಣಿಸೋ ದ್ರವ) ಹರಿಸಿದರೆ ಪುಡಿ ಹಾಳು, ಮುಂದಿನ ಪದರದಲ್ಲಿ ತೂತು. ಅದಕ್ಕೇ ನಡುವಿನ ಕಟಿಂಗ್ ಸಾಮಾನ್ಯವಾಗಿ ಒಣಗೇ ನಡೆಯುತ್ತೆ. ಅದೂ ಅಲ್ಲದೆ, ಲೇಸರ್ ಗಂಟೆಗಟ್ಟಲೆ ಓಡುವಾಗ ಟೂಲ್ ತಿರುಗಿಸೋ ದುಬಾರಿ ಸ್ಪಿಂಡಲ್ ಸುಮ್ಮನೆ ನಿಂತಿರುತ್ತೆ. ಎರಡು ಮೆಷಿನ್ ಇದ್ದರೆ ಎರಡೂ ದುಡೀತಿರುತ್ತವೆ.

ಡೆಮೊಗೆ ಹೋದರೆ ಅವರ ಪೀಸ್ ನೋಡಿ ಮರುಳಾಗಬೇಡಿ, ನಿಮ್ಮದೇ ಡ್ರಾಯಿಂಗ್ ಕೊಡಿ. ಅಳತೆಯನ್ನು ಮೆಷಿನ್ ಮೇಲಲ್ಲ, ಬಿಚ್ಚಿ, ಸ್ಟ್ರೆಸ್ ರಿಲೀವ್ (ಬಿಸಿ ಮಾಡಿ ಒಳಗಿನ ಒತ್ತಡ ಬಿಡಿಸೋದು) ಮಾಡಿಸಿದಮೇಲೆ ತಗೊಳ್ಳಿ. ಒಳಗಿನ ಒತ್ತಡ ಬಿಟ್ಟಾಗ ಪೀಸ್ ಎಷ್ಟು ಸೊಟ್ಟಗಾಗುತ್ತೆ ಅನ್ನೋದು ಆಗಲೇ ಗೊತ್ತಾಗೋದು.